ಕಾರು ಬಳ್ಳಾರಿಯಲ್ಲಿ, ಅದರ ದುರಸ್ತಿಯ ಬೀಗದಕೈ ಬೆಂಗಳೂರಿನಲ್ಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಮೂರು ವಾರಗಳ ಹಿಂದೆ ಪ್ರಕಟವಾದ ಪತ್ರವೊಂದರಲ್ಲಿ ನಮ್ಮ ಊರಿನ ಓದುಗರೊಬ್ಬರು, ನಲವತ್ತು ಐವತ್ತು ಲಕ್ಷದ ವೇಗದ ಕಾರುಗಳನ್ನು ಬಳ್ಳಾರಿಯ ಗ್ಯಾರೇಜುಗಳಿಗೆ ಒಪ್ಪಿಸುವುದೆಂದರೆ ಕೋತಿಯ ಕೈಗೆ ಮಾಣಿಕ್ಯ ಕೊಟ್ಟಂತೆ ಎಂದು ಬರೆದಿದ್ದರು. ಸಿರುಗುಪ್ಪ ರಸ್ತೆಯಲ್ಲಿ 26 ವರ್ಷಗಳಿಂದ ಗ್ಯಾರೇಜು ನಡೆಸುತ್ತಿರುವ ನಾನು ಆ ಕೋತಿಗಳಲ್ಲಿ ಒಬ್ಬ. ಮೊದಲು ಓದಿದಾಗ ಸಿಟ್ಟು ಬಂದದ್ದು ನಿಜ. ಎರಡನೆಯ ಸಲ ಓದಿದಾಗ ಅವರಿಗೆ ಆಗಿರುವ ನಷ್ಟವೂ ನಿಜವೆಂದು ತೋರಿತು. ಆದರೆ ಆ ನಷ್ಟಕ್ಕೆ ಹೊಣೆ ಯಾರು ಎಂಬಲ್ಲಿ ಅವರು ಎಡವಿದ್ದಾರೆ. ಇಂಥ ಕಾರುಗಳು ನಮ್ಮ ಕಡೆ ಹೇಗೆ ಕೆಡುತ್ತವೆ, ಅವುಗಳಲ್ಲಿ ನಮ್ಮ ಕೈಗೆ ಎಟುಕುವುದು ಎಷ್ಟು, ಎಟುಕದಂತೆ ಬೀಗ ಹಾಕಿಟ್ಟಿರುವುದು ಯಾವುದಕ್ಕೆ ಎಂಬುದನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ. ತಾವು ಸ್ಥಳಾವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.

ಬಳ್ಳಾರಿಗೆ ದೊಡ್ಡ ಕಾರು ಹೊಸದಲ್ಲ. ಅದಿರಿನ ಹಣ ಹರಿದಾಡುತ್ತಿದ್ದ ಕಾಲದಲ್ಲಿ, ಅಂದರೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಮುಂಚೆ, ಹೆಸರು ಓದಲು ಬಾರದ ಕಾರುಗಳನ್ನೂ ನಾವು ರಾಯಲ್ ವೃತ್ತದಲ್ಲಿ ನಿಂತು ನೋಡಿದ್ದೇವೆ. ಆದರೆ ಅವು ಕೆಟ್ಟರೆ ಲಾರಿ ಏರಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಿದ್ದವು. ನಮ್ಮಂಥವರು ಅವುಗಳ ಬಾನೆಟ್ ಎತ್ತಿದ್ದು ಕಡಿಮೆ. ಈಗ ಬರುವ ಗಿರಾಕಿಗಳೇ ಬೇರೆ. ಜೀನ್ಸ್ ಹೊಲಿಯುವ ಘಟಕ ಇಟ್ಟವರು, ಸಿರುಗುಪ್ಪ, ಸಿಂಧನೂರು, ಗಂಗಾವತಿಗಳ ಅಕ್ಕಿ ಗಿರಣಿಯವರ ಮಕ್ಕಳು, ತೋರಣಗಲ್ಲಿನ ಕಾರ್ಖಾನೆಗಳ ಎಂಜಿನಿಯರುಗಳು, ಒಂದಿಬ್ಬರು ವೈದ್ಯರು. ಇವರಲ್ಲಿ ಹೆಚ್ಚಿನವರು ಶೋರೂಮಿನಿಂದ ಹೊಸ ಕಾರು ತಂದವರಲ್ಲ. ಬೆಂಗಳೂರಿನಲ್ಲಿ ಐದಾರು ವರ್ಷ ಓಡಿ, ವಾರಂಟಿ ಮುಗಿದು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿದ ಕಾರನ್ನು ಕೊಂಡವರು. ಕೊಳ್ಳುವಾಗ ಕಾರಿನ ಬೆಲೆ ಅರ್ಧವಾಗಿರುತ್ತದೆ, ಅದರ ಬಿಡಿಭಾಗಗಳ ಬೆಲೆ ಮಾತ್ರ ಅರ್ಧವಾಗಿರುವುದಿಲ್ಲ; ಈ ಒಂದು ಲೆಕ್ಕವನ್ನು ಕೊಳ್ಳುವ ಮುಂಚೆ ಮಾಡಿದವರನ್ನು ನಾನು ಬೆರಳೆಣಿಕೆಯಷ್ಟೂ ಕಂಡಿಲ್ಲ.

ಓದುಗರಿಗೆ ಈ ಯಂತ್ರಗಳ ಸ್ವಭಾವ ಗೊತ್ತಾಗಲೆಂದು ಒಂದು ಹೋಲಿಕೆ ಕೊಡುತ್ತೇನೆ. ನಾನು ಕೆಲಸ ಕಲಿತ ಅಂಬಾಸಿಡರಿನ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದುದು ಹೆಚ್ಚುಕಡಿಮೆ 50 ಅಶ್ವಶಕ್ತಿ. ಮಾರುತಿ 800 ಕೊಡುತ್ತಿದ್ದುದು 40ಕ್ಕೂ ಕಡಿಮೆ. 2017ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಎರಡು ಲೀಟರಿನ ನಾಲ್ಕು ಸಿಲಿಂಡರ್‌ಗಳಿಂದ 230 ಅಶ್ವಶಕ್ತಿ ತೆಗೆಯುತ್ತದೆ. 2021ರಲ್ಲಿ ಬಿಡುಗಡೆಯಾದ, ಚೆನ್ನೈ ಬಳಿಯ ಘಟಕದಲ್ಲೇ ಜೋಡಣೆಯಾಗುವ ಬಿಎಂಡಬ್ಲ್ಯು ಎಂ340ಐ ಮೂರು ಲೀಟರಿನ ಆರು ಸಿಲಿಂಡರ್‌ಗಳಿಂದ 387 ಅಶ್ವಶಕ್ತಿ ತೆಗೆದು, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗವನ್ನು ಐದು ಸೆಕೆಂಡಿನೊಳಗೆ ಮುಟ್ಟುತ್ತದೆ. ಅಂಬಾಸಿಡರ್ ಲೀಟರಿಗೆ ಮೂವತ್ತಮೂರು ಕುದುರೆ ಕಟ್ಟಿದರೆ ಇವು ನೂರಕ್ಕೂ ಹೆಚ್ಚು ಕಟ್ಟುತ್ತವೆ. ಅಷ್ಟೇ ಜಾಗದಲ್ಲಿ ಮೂರುಪಟ್ಟು ಬಲ ಹುಟ್ಟಿದರೆ ಶಾಖವೂ ಒತ್ತಡವೂ ಮೂರುಪಟ್ಟು ಆಗದೆ ಇರುತ್ತದೆಯೇ? ನಾನು ನೋಡಿದ ಮುಕ್ಕಾಲು ರಿಪೇರಿಗಳ ಮೂಲ ಈ ಶಾಖ ಮತ್ತು ಒತ್ತಡಗಳಲ್ಲೇ ಇದೆ.

ಮೊದಲಿಗೆ ಟರ್ಬೊ. ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈ ಪುಟ್ಟ ಗಾಲಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ಮೀರಬಲ್ಲದು, ಅದರ ಒಂದು ಬದಿಯ ಹೊಗೆಯ ಶಾಖ ಪೆಟ್ರೋಲ್ ಕಾರಿನಲ್ಲಿ 900 ಡಿಗ್ರಿ ದಾಟುತ್ತದೆ. ಈ ವೇಗಕ್ಕೆ ಅದರ ಶಾಫ್ಟನ್ನು ಹಿಡಿದಿಟ್ಟಿರುವುದು ಕಬ್ಬಿಣವಲ್ಲ, ಕೂದಲೆಳೆಗಿಂತ ತೆಳುವಾದ ಆಯಿಲಿನ ಪದರ. ಕಳೆದ ಮಾರ್ಚಿನಲ್ಲಿ ಹೊಸಪೇಟೆಯ ಕಡೆಯಿಂದ ಬಂದ ಕಾರೊಂದು ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುತ್ತಿತ್ತು. ಟರ್ಬೊ ಬಿಚ್ಚಿ ಶಾಫ್ಟಿನ ತುದಿಯನ್ನು ಬೆರಳಿನಿಂದ ಅಲ್ಲಾಡಿಸಿದರೆ, ಹಲ್ಲು ಸಡಿಲಾದ ಮುದುಕರ ದವಡೆಯಂತೆ ಅದು ಆಚೀಚೆ ಆಡಿತು. ಸರಿಯಾದ ಟರ್ಬೊದಲ್ಲಿ ಆ ಆಟ ಬೆರಳಿಗೆ ಸಿಕ್ಕೂ ಸಿಗದಷ್ಟಿರಬೇಕು. ಆಯಿಲ್ ತರುವ ಪೈಪಿನೊಳಗೆ ತಂತಿ ತೂರಿಸಿದಾಗ, ಸುಟ್ಟು ಕರಕಲಾದ ಆಯಿಲಿನ ಚೂರುಗಳು ಕಾಫಿ ಪುಡಿಯಂತೆ ಅಂಗೈಗೆ ಉದುರಿದವು. ಮಾಲೀಕರಿಗೆ ತೋರಿಸಿ, ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ಕೇಳಿದೆ. ‘ಉಸ್ತಾದ್, ಡಿಸ್‌ಪ್ಲೇ ಇನ್ನೂ ಕೇಳೇ ಇಲ್ಲಲ್ಲ’ ಎಂದರು. ಡಿಸ್‌ಪ್ಲೇ ಕೇಳುವುದು 15 ಸಾವಿರ ಕಿಲೋಮೀಟರಿಗೆ. ಅದು ತಂಪು ದೇಶದ ಲೆಕ್ಕ. ಏಪ್ರಿಲ್‌–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಅದಿರು ಲಾರಿಗಳ ಸಾಲಿನ ಹಿಂದೆ ತೆವಳುತ್ತ ಓಡುವ ಕಾರಿಗೆ ಏಳೆಂಟು ಸಾವಿರಕ್ಕೇ ಆಯಿಲ್ ಬದಲಿಸಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಾಕುವ ಆಯಿಲೂ ಅಷ್ಟೇ ಮುಖ್ಯ. ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬ ಬರಹ ಆಯಿಲಿನ ತೆಳು-ದಪ್ಪವನ್ನಷ್ಟೇ ಹೇಳುತ್ತದೆ. ಆ ಎಂಜಿನ್ನಿಗೆ ಕಂಪನಿ ಒಪ್ಪಿದ ಆಯಿಲ್ ಹೌದೋ ಅಲ್ಲವೋ ಎಂಬುದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುತ್ತದೆ. ಆ ಸಣ್ಣ ಅಕ್ಷರ ಓದದೆ ಆಯಿಲ್ ಸುರಿಯುವ ಗ್ಯಾರೇಜುಗಳು ನಮ್ಮಲ್ಲಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪತ್ರ ಬರೆದ ಓದುಗರ ಮಾತಿನಲ್ಲಿ ನಿಜವಿದೆ ಎಂದದ್ದು ಇದಕ್ಕೇ.

ಎರಡನೆಯದು ಧೂಳು. ಸಂಡೂರಿನ ಕಡೆಯಿಂದ ಬರುವ ಕೆಂಪು ಧೂಳಿನ ಬಗ್ಗೆ ಈ ಪತ್ರಿಕೆಯಲ್ಲಿ ಬೇಕಾದಷ್ಟು ಬಂದಿದೆ. ಮನುಷ್ಯರ ಶ್ವಾಸಕೋಶಕ್ಕೆ ಅದು ಮಾಡುವುದನ್ನು ಹೇಳಲು ನಾನು ವೈದ್ಯನಲ್ಲ. ಕಾರಿಗೆ ಮಾಡುವುದನ್ನು ಮಾತ್ರ ಹೇಳಬಲ್ಲೆ. ಟರ್ಬೊ ಒತ್ತಿ ಬಿಸಿಮಾಡಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಷ್ಟೋ ಕಾರುಗಳಲ್ಲಿ ಬಂಪರಿನ ಹಿಂದೆಯೇ, ರೇಡಿಯೇಟರಿಗೂ ಏಸಿಯ ಕಂಡೆನ್ಸರಿಗೂ ಅಂಟಿಕೊಂಡಂತೆ ಕೂತಿರುತ್ತದೆ. ತೋರಣಗಲ್ಲಿಗೆ ದಿನವೂ ಹೋಗಿಬರುವ ಕಾರೊಂದರ ಮುಂಭಾಗವನ್ನು ಬಿಚ್ಚಿದಾಗ ಆ ಮೂರರ ನಡುವೆ ಬೆರಳು ದಪ್ಪದ ಕೆಂಪು ಕಂಬಳಿಯೇ ಸಿಕ್ಕಿತ್ತು. ಮಾಲೀಕರ ದೂರು ‘ಮಧ್ಯಾಹ್ನ ಪಿಕಪ್ ಇಲ್ಲ, ರಾತ್ರಿ ಸರಿಯಾಗಿರುತ್ತದೆ’ ಎಂಬುದಾಗಿತ್ತು. ದೂರು ಅಕ್ಷರಶಃ ನಿಜ. ಒಳಹೋಗುವ ಗಾಳಿ ಬಿಸಿಯಾದರೆ ಪೆಟ್ರೋಲು ತಾನಾಗಿ ಹೊತ್ತಿಕೊಂಡು ಸಿಲಿಂಡರಿನಲ್ಲಿ ಬಡಿತ ಶುರುವಾಗುತ್ತದೆ, ಆ ಬಡಿತವನ್ನು ಕೇಳುವ ಸೆನ್ಸರು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ಕಿಡಿಯ ಹೊತ್ತನ್ನು ಹಿಂದಕ್ಕೆ ಸರಿಸಿ ಎಂಜಿನ್ನನ್ನು ಉಳಿಸಿಕೊಳ್ಳುತ್ತದೆ. ಚಾಲಕನಿಗೆ ಮಾತ್ರ ಕಾರು ಸೋಮಾರಿಯಾದಂತೆ ಕಾಣುತ್ತದೆ. ಆ ಕಾರಿಗೆ ನಾನು ಹಾಕಿದ್ದು ಯಾವ ಹೊಸ ಸಾಮಾನೂ ಅಲ್ಲ. ನೀರು, ಮೆತ್ತನೆಯ ಬ್ರಷ್ಷು ಮತ್ತು ಅರ್ಧ ದಿನದ ಕೂಲಿ. ಪೆಟ್ರೋಲಿನ ವಿಷಯವೂ ಇದಕ್ಕೇ ಸೇರುತ್ತದೆ. ಇಂಥ ಕಾರುಗಳ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಎಷ್ಟು ಆಕ್ಟೇನಿನ (ಈ ಬಡಿತವನ್ನು ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ಬೇಕೆಂದು ಅಂಟಿಸಿರುತ್ತಾರೆ. ಅದನ್ನು ಓದಿ ಬಂಕಿಗೆ ಹೋಗುವವರು ಕಡಿಮೆ.

ಮೂರನೆಯದು, ಹೊರಗೆ ಕಾಣದ ಕಾಯಿಲೆ. ಹಳೆಯ ಎಂಜಿನ್ನುಗಳಲ್ಲಿ ಪೆಟ್ರೋಲು ವಾಲ್ವಿನ ಹಿಂದೆ ಚಿಮ್ಮಿ, ವಾಲ್ವನ್ನು ತೊಳೆಯುತ್ತಲೇ ಸಿಲಿಂಡರಿಗೆ ಇಳಿಯುತ್ತಿತ್ತು. ಆ ಒತ್ತಡ ಮೂರು ನಾಲ್ಕು ಬಾರ್‌. ಈಗಿನ ವೇಗದ ಕಾರುಗಳಲ್ಲಿ ಪೆಟ್ರೋಲು 200 ಬಾರ್‌ನಿಂದ 350 ಬಾರ್‌ವರೆಗಿನ ಒತ್ತಡದಲ್ಲಿ ನೇರ ಸಿಲಿಂಡರಿನೊಳಗೇ ಚಿಮ್ಮುತ್ತದೆ. ನಾವು ಟಯರಿಗೆ ತುಂಬಿಸುವ ಹವಾ ಎರಡೂಕಾಲು ಬಾರ್ ಎಂದು ನೆನೆದರೆ ಅದರ ಗಾತ್ರ ತಿಳಿದೀತು. ಎಂಜಿನ್ ಆರಿಸಿದ ತಕ್ಷಣ ಆ ಪೈಪಿಗೆ ಪಾನಾ ಹಾಕಬೇಡವೆಂದು ಹುಡುಗರಿಗೆ ನಾನು ದಿನಕ್ಕೊಮ್ಮೆ ಗದರಿಸಲು ಕಾರಣ ಇದೇ. ನೇರ ಚಿಮ್ಮುವುದರಿಂದ ಬಲವೂ ಮೈಲೇಜೂ ಹೆಚ್ಚುತ್ತವೆ, ಆದರೆ ವಾಲ್ವಿನ ಬೆನ್ನನ್ನು ತೊಳೆಯುವವರು ಯಾರೂ ಇಲ್ಲವಾಗುತ್ತದೆ. ಆಯಿಲಿನ ಆವಿ ಅಲ್ಲಿ ಕುಳಿತು ಬೆಂದು ಪದರಗಟ್ಟುತ್ತದೆ. ಎಂಬತ್ತು ಸಾವಿರ ಓಡಿದ ಎಂಜಿನ್ನೊಂದರ, ಗಾಳಿ ಒಳಬಿಡುವ ಮ್ಯಾನಿಫೋಲ್ಡ್ ತೆಗೆದು ಟಾರ್ಚ್ ಹಿಡಿದಾಗ, ವಾಲ್ವಿನ ಕಂಠ ನಮ್ಮ ಮನೆಯ ರೊಟ್ಟಿ ಹಂಚಿನ ತಳದಂತೆ ಕಪ್ಪುಗಟ್ಟಿತ್ತು. ಇದನ್ನು ಕೆರೆದು ತೆಗೆಯುವುದಕ್ಕಿಂತ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಹವಾದ ಜೊತೆ ಬೀಸಿ ಉದುರಿಸುವುದು ಒಳ್ಳೆಯ ಪದ್ಧತಿ. ಚಿಪ್ಪಿನ ಪುಡಿ ಇದ್ದಿಲನ್ನು ಒಡೆಯುವಷ್ಟು ಗಟ್ಟಿ, ಲೋಹವನ್ನು ಗೀರದಷ್ಟು ಮೃದು. ಆ ಯಂತ್ರವನ್ನು ನಾನು ಎರಡು ವರ್ಷದ ಹಿಂದೆ ತರಿಸಿದೆ. ಮೊದಲ ಸಲ ಅಕ್ರೋಟಿನ ಚೀಲ ಬಂದಾಗ ನನ್ನ ಹೆಂಡತಿ ಅದನ್ನು ಅಡುಗೆಮನೆಗೆ ಎತ್ತಿಟ್ಟಿದ್ದಳು.

ಇಷ್ಟು ಹೇಳಿದ್ದು ಏಕೆಂದರೆ, ಈ ಕೆಲಸಗಳಲ್ಲಿ ಯಾವುದೂ ಬಳ್ಳಾರಿಯಲ್ಲಿ ಆಗದ್ದಲ್ಲ. ಕೈ ಕಲಿಯಬೇಕು, ಓದಬೇಕು, ಒಂದಿಷ್ಟು ಬಂಡವಾಳ ಹಾಕಬೇಕು, ಆಯಿತು. ನನ್ನ ತಕರಾರು ಇರುವುದು ಕೈಗೆ ಸಂಬಂಧಿಸದ ಇನ್ನೊಂದು ಕಡೆ.

ಸಿಂಧನೂರಿನ ಗಿರಣಿಯ ಸಾಹುಕಾರರೊಬ್ಬರ ಕಾರು ಕಳೆದ ವರ್ಷ ನನ್ನಲ್ಲಿಗೆ ಬಂತು. ಎರಡು ಕ್ಲಚ್ಚಿನ, ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌. ಈ ಬಗೆಯ ಪೆಟ್ಟಿಗೆಯಲ್ಲಿ ಒಂದು ಕ್ಲಚ್ಚು 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6 ಮತ್ತು ರಿವರ್ಸನ್ನು ನೋಡಿಕೊಳ್ಳುತ್ತದೆ. ಒಂದು ಗೇರಿನಲ್ಲಿ ಓಡುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುವುದರಿಂದ ಬದಲಾವಣೆ ಕಣ್ಣುರೆಪ್ಪೆ ಮಿಟುಕಿಸುವುದರೊಳಗೆ ಆಗುತ್ತದೆ. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನೊಂದಿಗೆ ಸಾಮಾನ್ಯ ರಸ್ತೆಗೆ ಬಂದ ಈ ಉಪಾಯ ಈಗ ಹತ್ತು ಹದಿನೈದು ಲಕ್ಷದ ಕಾರುಗಳಲ್ಲೂ ಇದೆ. ಸಾಹುಕಾರರ ಕಾರಿನ ಡಿಸ್‌ಪ್ಲೇಯಲ್ಲಿ ಗೇರಿನ ಅಂಕಿ ಮಿನುಗುತ್ತಿತ್ತು, ಹೊರಡುವಾಗ ಎಳೆದಾಡುತ್ತಿತ್ತು, ರಿವರ್ಸ್ ಇರಲೇ ಇಲ್ಲ. ಗ್ಯಾರೇಜಿನ ಒಳಗೆ ತಂದ ಕಾರನ್ನು ಹೊರಗೆ ತೆಗೆಯಲು ನಾಲ್ಕು ಹುಡುಗರು ಹಿಂದಕ್ಕೆ ತಳ್ಳಬೇಕಾಯಿತು. ರಿವರ್ಸ್ ಇಲ್ಲ, ಎರಡನೆಯ ಗೇರೂ ಇಲ್ಲ ಎಂದ ಮೇಲೆ ಸಮಸಂಖ್ಯೆಯ ಗೇರುಗಳ ಬದಿಯೇ ಮಲಗಿದೆ ಎಂದು, ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕುವ ಮುಂಚೆಯೇ ಗೊತ್ತಾಗಿತ್ತು. ಸ್ಕ್ಯಾನರೂ ಅದನ್ನೇ ಹೇಳಿತು: ಗೇರು, ಕ್ಲಚ್ಚುಗಳನ್ನು ಆಯಿಲಿನ ಒತ್ತಡದಿಂದ ಆಡಿಸುವ ಕಂಪ್ಯೂಟರ್ ಸಮೇತವಾದ ಘಟಕ, ನಮ್ಮ ಮಾತಿನಲ್ಲಿ ಮೆಕಾಟ್ರಾನಿಕ್, ಕೆಟ್ಟಿದೆ. ಹೊಸ ಘಟಕ ನಾಲ್ಕು ದಿನದಲ್ಲಿ ಬಂತು. ಒಂದು ಹಗಲಿನಲ್ಲಿ ಕೂರಿಸಿದೆವು.

ಕಾರು ಹೊರಡಲಿಲ್ಲ. ಹೊಸ ಘಟಕಕ್ಕೆ ‘ನೀನು ಇನ್ನು ಈ ಕಾರಿನವನು’ ಎಂದು ಕಂಪನಿಯ ಸರ್ವರಿನಿಂದ ಹೇಳಿಸಬೇಕು. ಇದಕ್ಕೆ ಕೋಡಿಂಗ್ ಎನ್ನುತ್ತಾರೆ. ಆ ಸರ್ವರಿನ ಬಾಗಿಲು ತೆರೆಯುವ ಲಾಗಿನ್ ಅಧಿಕೃತ ಕೇಂದ್ರದವರ ಬಳಿ ಮಾತ್ರ ಇರುತ್ತದೆ. ನಾನು ಫೋನು ಮಾಡಿ, ಶುಲ್ಕ ಎಷ್ಟಾದರೂ ಆಗಲಿ, ದೂರದಿಂದಲೇ ಅಂತರ್ಜಾಲದ ಮೂಲಕ ಕೋಡಿಂಗ್ ಮಾಡಿಕೊಡಿ ಎಂದು ಕೇಳಿದೆ. ಪದ್ಧತಿ ಇಲ್ಲ ಎಂದರು. ನಿಮ್ಮ ಹುಡುಗನೊಬ್ಬನನ್ನು ಲ್ಯಾಪ್‌ಟಾಪಿನೊಂದಿಗೆ ಕಳಿಸಿ, ಬಸ್ ಚಾರ್ಜು, ಊಟ, ವಸತಿ ನನ್ನದು ಎಂದೆ. ಅದಕ್ಕೂ ಪದ್ಧತಿ ಇಲ್ಲ. ಕೊನೆಗೆ ಸಾಹುಕಾರರ ಕಾರು ಫ್ಲಾಟ್‌ಬೆಡ್ ಲಾರಿಯ ಮೇಲೆ ಹಿರಿಯೂರಿನ ದಾರಿ ಹಿಡಿದು ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಯಿತು. ಅಲ್ಲಿ ಸಾಲಿನಲ್ಲಿ ನಿಂತು ಕಾದದ್ದು ಹನ್ನೊಂದು ದಿನ, ಕೋಡಿಂಗ್ ಆದದ್ದು ಅರ್ಧ ಗಂಟೆಯಲ್ಲಿ. ‘ಮೊದಲೇ ಅಲ್ಲಿಗೆ ಕಳಿಸಿದ್ದರೆ ಆಗ್ತಿತ್ತಲ್ಲ ಉಸ್ತಾದ್’ ಎಂದು ಸಾಹುಕಾರರು ಸಮಾಧಾನದಿಂದಲೇ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಪತ್ರ ಬರೆದ ಓದುಗರ ಕಾರೂ ಬಹುಶಃ ಇಂಥ ಯಾವುದೋ ಬಾಗಿಲಲ್ಲೇ ನಿಂತಿರಬೇಕು. ಅದನ್ನು ಅವರು ಮೆಕ್ಯಾನಿಕ್ಕಿನ ಅಜ್ಞಾನವೆಂದು ಬಗೆದಿದ್ದಾರೆ.

ಇದು ಗೇರ್‌ಬಾಕ್ಸಿನಂಥ ದೊಡ್ಡ ಕೆಲಸಕ್ಕಷ್ಟೇ ಇರುವ ತೊಡಕೆಂದು ತಿಳಿಯಬಾರದು. ಎಷ್ಟೋ ದುಬಾರಿ ಕಾರುಗಳಲ್ಲಿ ಬ್ಯಾಟರಿ ಬದಲಿಸಿದರೂ ಹೊಸ ಬ್ಯಾಟರಿಯ ವಿವರವನ್ನು ಕಂಪ್ಯೂಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಅದು ಹಳೆಯ, ಸವೆದ ಬ್ಯಾಟರಿಗೆ ಚಾರ್ಜು ಮಾಡಿದಂತೆಯೇ ಹೊಸದಕ್ಕೂ ಮಾಡಿ ಹಾಳುಗೆಡವುತ್ತದೆ. ಕೈ ಬ್ರೇಕಿನ ಸನ್ನೆಗೋಲು ಹೋಗಿ ಗುಂಡಿ ಬಂದಿರುವ ಕಾರುಗಳಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವ ಮುಂಚೆ ಸ್ಕ್ಯಾನರಿನಿಂದ, ಪ್ಯಾಡನ್ನು ಒತ್ತಿಹಿಡಿಯುವ ಕ್ಯಾಲಿಪರಿನ ಮೋಟಾರನ್ನು ಹಿಂದಕ್ಕೆ ಎಳೆಸಬೇಕು. ಇದು ಗೊತ್ತಿಲ್ಲದ ಕಾಲದಲ್ಲಿ ನನ್ನ ಹುಡುಗನೊಬ್ಬ ಕ್ಲ್ಯಾಂಪ್ ಹಾಕಿ ಪಿಸ್ಟನ್ನನ್ನು ಒತ್ತಿ, ಒಳಗಿನ ಹಲ್ಲು ಮುರಿದ. ತಪ್ಪು ನನ್ನದು; ಹೊಸ ಕ್ಯಾಲಿಪರನ್ನು ನನ್ನ ಕೈಯಿಂದಲೇ ಹಾಕಿಕೊಟ್ಟೆ. ಆದರೆ ಆ ಒಂದು ಪುಟದ ಸೂಚನೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತೇನೆಂದರೂ ನನಗೆ ಮಾರುವವರು ಆಗ ಸಿಕ್ಕಿರಲಿಲ್ಲ.

ಕಾರಿನ ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ, ನಮ್ಮಲ್ಲಿ ಎರಡನೆಯ ಹಂತದ ಓಬಿಡಿ (ಕಾರು ತನ್ನ ದೋಷವನ್ನು ತಾನೇ ಗುರುತಿಸಿಡುವ ವ್ಯವಸ್ಥೆ) ನಿಯಮದಿಂದಾಗಿ 2013ರಿಂದ ಇದು ಕಡ್ಡಾಯ. ಹೊಗೆಗೆ ಸಂಬಂಧಿಸಿದ ದೋಷಗಳನ್ನು ಯಾವ ಸ್ಕ್ಯಾನರಿನಿಂದಾದರೂ ಓದಬಹುದು, ಏಕೆಂದರೆ ಆ ಭಾಷೆಯನ್ನು ಕಾನೂನು ಎಲ್ಲರಿಗೂ ಒಂದೇ ಮಾಡಿದೆ. ಗೇರ್‌ಬಾಕ್ಸು, ಬ್ರೇಕು, ಏರ್‌ಬ್ಯಾಗು, ಸಸ್ಪೆನ್ಷನ್ನು ಇವುಗಳ ಭಾಷೆ ಮಾತ್ರ ಒಂದೊಂದು ಕಂಪನಿಗೆ ಒಂದೊಂದು. ವೇಗದ ಕಾರಿನಲ್ಲಿ ಇವೇ ಮುಖ್ಯ ಎಂಬುದನ್ನು ಬೇರೆ ಹೇಳಬೇಕಿಲ್ಲ. ಇತ್ತೀಚಿನ ಮಾಡೆಲ್‌ಗಳಲ್ಲಿ ಆ ಸಾಕೆಟ್ಟಿನ ಹಿಂದೆಯೇ ಇನ್ನೊಂದು ಕಾವಲು ಪೆಟ್ಟಿಗೆ ಕೂರಿಸಿದ್ದಾರೆ; ಪಾಸ್‌ವರ್ಡ್ ಇಲ್ಲದ ಸ್ಕ್ಯಾನರು ದೋಷವನ್ನು ಓದಬಹುದು, ಅಳಿಸಲಾಗದು.

ಈ ವಿಷಯ ನಮ್ಮ ದೇಶದ ಕಾನೂನಿನ ಮುಂದೆ ಬರದೆಯೂ ಇಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ಕಂಪನಿಗಳ ವಿರುದ್ಧ ಆದೇಶ ಹೊರಡಿಸಿ, ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪೆಂದು ಹೇಳಿ, ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಆ ದಿನ ನಮ್ಮ ಗ್ಯಾರೇಜಿನಲ್ಲಿ ಪೇಪರನ್ನು ಜೋರಾಗಿ ಓದಿ ಮಿರ್ಚಿ ಮಂಡಕ್ಕಿ ಹಂಚಿದ್ದೆವು. ಆಮೇಲೆ ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು, ನಮ್ಮ ಕೈಗೆ ಬಂದದ್ದು ಮಂಡಕ್ಕಿಯಷ್ಟೇ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ಯಂತ್ರಗಳ ಜೊತೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕೊಂದು ಪೋರ್ಟಲ್ಲೂ ಬಂತು. ಪೋರ್ಟಲ್ ಒಳ್ಳೆಯದೇ, ಆದರೆ ಅಲ್ಲಿಗೆ ಕಂಪನಿಗಳು ಒಪ್ಪಿ ಬರುವುದು ಬೇರೆ, ಕಾನೂನು ಅವುಗಳನ್ನು ಕರೆತರುವುದು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಮತ ಹಾಕಿ ವಾಹನ ದುರಸ್ತಿಯ ಹಕ್ಕನ್ನು ಕಾನೂನಾಗಿಸಿದರು. ಯುರೋಪಿನ ಒಕ್ಕೂಟದಲ್ಲಿ 2018ರ ನಿಯಮವೊಂದರ ಪ್ರಕಾರ ಕಂಪನಿಗಳು ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ನ್ಯಾಯವಾದ ಶುಲ್ಕಕ್ಕೆ ಕೊಡಲೇಬೇಕು. ಅದೇ ಕಾರನ್ನು ಅಲ್ಲಿಯ ಸಣ್ಣ ಊರಿನ ಮೆಕ್ಯಾನಿಕ್ ಶುಲ್ಕ ಕಟ್ಟಿ ಕೋಡಿಂಗ್ ಮಾಡಬಹುದು, ಇಲ್ಲಿಯ ಮೆಕ್ಯಾನಿಕ್ ಶುಲ್ಕ ಕಟ್ಟುತ್ತೇನೆಂದರೂ ಮಾಡಲಾಗದು. ಬಿಟ್ಟಿಯಾಗಿ ಕೊಡಿ ಎಂದು ನಾವು ಯಾರೂ ಕೇಳುತ್ತಿಲ್ಲ.

ಕಂಪನಿಗಳು ಕಳ್ಳತನದ ಭಯ ಮುಂದಿಡುತ್ತವೆ. ಕೀಲಿ ಮತ್ತು ಅಸಲಿ ಕೀಲಿಯಿಲ್ಲದೆ ಎಂಜಿನ್ ಹೊರಡದಂತೆ ತಡೆಯುವ ಇಮೊಬಿಲೈಸರುಗಳ ಕೋಡು ಬೀದಿಗೆ ಬಿದ್ದರೆ ಕಾರು ಕದಿಯುವವರಿಗೆ ಹಬ್ಬ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಯುರೋಪಿನಲ್ಲಿ ಹಿನ್ನೆಲೆ ಪರಿಶೀಲಿಸಿ ಮಾನ್ಯತೆ ಪಡೆದ ಗ್ಯಾರೇಜುಗಳಿಗೆ ಮಾತ್ರ ಅಂಥ ಮಾಹಿತಿ ಕೊಡುವ ಏರ್ಪಾಟಿದೆ. ನಮ್ಮಲ್ಲಿಯೂ ಪೊಲೀಸ್ ಪರಿಶೀಲನೆ ಮಾಡಲಿ, ಆಧಾರ್ ಜೋಡಿಸಲಿ, ಯಾವ ಕಾರಿಗೆ ಯಾವ ದಿನ ಯಾರು ಏನು ಮಾಡಿದರೆಂದು ದಾಖಲೆ ಇಡಲಿ. ಬ್ರೇಕ್ ಪ್ಯಾಡ್ ಬದಲಿಸುವ ಸೂಚನೆಗೂ ಕಳ್ಳತನಕ್ಕೂ ಏನು ಸಂಬಂಧವೆಂದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.

ಬೀಗದ ಬಾಗಿಲು ಮುಚ್ಚಿದಾಗ ಗೋಡೆಗೆ ಕನ್ನ ಕೊರೆಯುವವರು ಹುಟ್ಟುತ್ತಾರೆ. ನಕಲಿ ಉಪಕರಣ, ಕದ್ದ ಸಾಫ್ಟ್‌ವೇರುಗಳನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ಊರೂರು ತಿರುಗುವ ಹುಡುಗರು ಈಗ ಈ ಭಾಗದಲ್ಲಿ ಇದ್ದಾರೆ. ಅವರು ಕೋಡಿಂಗನ್ನೂ ಮಾಡುತ್ತಾರೆ, ಅದೇ ಕೈಯಲ್ಲಿ ರೀಮ್ಯಾಪ್ ಎಂಬ ಹೆಸರಿನಲ್ಲಿ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿಸಿ, ನಲವತ್ತೈವತ್ತು ಅಶ್ವಶಕ್ತಿ ಹೆಚ್ಚಿಸಿ, ಸೈಲೆನ್ಸರಿನಿಂದ ಪಟಾಕಿ ಸದ್ದು ಬರುವಂತೆಯೂ ಮಾಡಿಕೊಡುತ್ತಾರೆ. ನನ್ನ ಗ್ಯಾರೇಜಿನಲ್ಲಿ ರೀಮ್ಯಾಪ್ ಮಾಡುವುದಿಲ್ಲ. ಒಣ ಕ್ಲಚ್ಚಿನ ಏಳು ಗೇರಿನ ಒಂದು ಬಗೆಯ ಪೆಟ್ಟಿಗೆಯ ತಿರುಚುಬಲದ ತಾಳಿಕೆಯೇ 250 ನ್ಯೂಟನ್ ಮೀಟರ್‌; ಅದರ ಮೇಲೆ 320 ಹೇರಿದರೆ ಕ್ಲಚ್ಚು ಎಷ್ಟು ದಿನ ಬಂದೀತು? ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಖಾಲಿ ಪೈಪು ಹಾಕಿಸಿಕೊಂಡವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಾನೂನುಬದ್ಧ ಕೋಡಿಂಗ್ ಊರಿನಲ್ಲೇ ಸಿಗುವಂತಿದ್ದರೆ ಈ ಲ್ಯಾಪ್‌ಟಾಪ್ ಹುಡುಗರ ಅರ್ಧ ವ್ಯಾಪಾರ ತಾನಾಗಿ ನಿಲ್ಲುತ್ತದೆ.

ಪ್ರಸಂಗ ಬಂದಿದ್ದರಿಂದ ಟಯರಿನ ಬಗ್ಗೆ ಒಂದು ಮಾತು, ಏಕೆಂದರೆ ಇದು ಜೀವದ ಪ್ರಶ್ನೆ. ಹಳೆಯ ವೇಗದ ಕಾರು ಕೊಳ್ಳುವವರು ಟಯರಿನ ಗೋಡೆಯ ಮೇಲಿನ ನಾಲ್ಕು ಅಂಕಿಯನ್ನು ಓದಬೇಕು; ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 1218 ಎಂದಿದ್ದರೆ ಅದು 2018ರ ಹನ್ನೆರಡನೆಯ ವಾರದ್ದು. ಕಡಿಮೆ ಓಡಿದ ಕಾರಿನ ಟಯರಿನ ಕಚ್ಚುಗಳು ಹೊಸದರಂತೆ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಟಯರಿನ ಅಳತೆಯ ಕೊನೆಯಲ್ಲಿರುವ ಅಕ್ಷರ ವೇಗದ ಮಿತಿ: ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿಲೋಮೀಟರ್‌. ಕಂಪನಿ ವೈ ಕೊಟ್ಟ ಕಡೆ ಅಗ್ಗವೆಂದು ಇವೆಲ್ಲಕ್ಕಿಂತ ಕಡಿಮೆ ಮಿತಿಯ ಎಚ್ ಹಾಕಿಸಿಕೊಂಡು, ಹೊಸಪೇಟೆಯ ಚತುಷ್ಪಥದಲ್ಲಿ ರಾತ್ರಿ ಮೀಟರಿನ ಮುಳ್ಳು ತೋರಿಸುವ ವಿಡಿಯೊ ಮಾಡುವವರಿಗೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ.

ಕೊನೆಯದಾಗಿ ನನ್ನ ಕೋರಿಕೆ. ಕೇಂದ್ರದ ಕಾನೂನಿಗೆ ಕಾಯುತ್ತಲೇ ನಮ್ಮ ಭಾಗದಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅನುದಾನ ಬರುತ್ತದೆ. ಬಳ್ಳಾರಿಯ ಸರ್ಕಾರಿ ಐಟಿಐ ಒಂದರಲ್ಲಿ, ಲೈಸೆನ್ಸ್ ಪಡೆದ ಅಸಲಿ ಸ್ಕ್ಯಾನರುಗಳು, ಹೈವೋಲ್ಟೇಜಿನ ಸುರಕ್ಷತಾ ಸಾಮಗ್ರಿ ಮತ್ತು ಕಂಪನಿಗಳಿಂದ ಚೌಕಾಸಿ ಮಾಡಿ ಪಡೆದ ಕೋಡಿಂಗ್ ಲಾಗಿನ್‌ಗಳಿರುವ ಒಂದು ಸಾಮಾನ್ಯ ಕೊಠಡಿಯನ್ನು ಮಂಡಳಿ ತೆರೆಯಲಿ. ಗಂಟೆಗಿಷ್ಟು ಎಂದು ಶುಲ್ಕ ಇಡಲಿ. ನನ್ನಂಥ ಸಣ್ಣ ಗ್ಯಾರೇಜಿನವರು ಒಬ್ಬೊಬ್ಬರೇ ಲಕ್ಷಗಟ್ಟಲೆಯ ಲೈಸೆನ್ಸನ್ನು ವರ್ಷ ವರ್ಷವೂ ಕಟ್ಟಲಾರೆವು, ನಲವತ್ತು ಮಂದಿ ಸೇರಿದರೆ ಅದು ದೊಡ್ಡ ಮೊತ್ತವಲ್ಲ. ರಾಯಚೂರು, ಕೊಪ್ಪಳದವರಿಗೂ ಅದು ಬೆಂಗಳೂರಿಗಿಂತ ಹತ್ತಿರ. ಅಲ್ಲಿನ ವಿದ್ಯಾರ್ಥಿಗಳಿಗೆ ನಿಜವಾದ ಕಾರಿನ ಮೇಲೆ ಕಲಿಕೆಯೂ ಸಿಗುತ್ತದೆ. ನನ್ನಲ್ಲಿಗೆ ಸರ್ಟಿಫಿಕೇಟ್ ಹಿಡಿದು ಬಂದ ಕೊನೆಯ ಇಬ್ಬರು ಹುಡುಗರಿಗೆ ಮಲ್ಟಿಮೀಟರಿನ ಕೆಂಪು, ಕಪ್ಪು ತಂತಿಗಳನ್ನು ಎಲ್ಲಿಡಬೇಕೆಂಬುದನ್ನೂ ನಾನೇ ಹೇಳಿಕೊಡಬೇಕಾಯಿತು. ಅವರಲ್ಲಿ ಒಬ್ಬ ಈಗ ಆಸಿಲೋಸ್ಕೋಪ್ ಹಾಕಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವಿದ್ಯುತ್ ಅಲೆ ಓದುತ್ತಾನೆ, ನನಗಿಂತ ಚೆನ್ನಾಗಿ.

ಪತ್ರ ಬರೆದ ಓದುಗರಲ್ಲಿ ಒಂದು ವಿನಂತಿ. ಭಾನುವಾರ ಬಿಟ್ಟು ಯಾವ ದಿನವಾದರೂ ನಮ್ಮ ಗ್ಯಾರೇಜಿಗೆ ಬನ್ನಿ. ಹೊಸಪೇಟೆಯ ಕಾರಿನಿಂದ ಇಳಿಸಿದ ಆ ಹಳೆಯ ಟರ್ಬೊ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಶಾಫ್ಟನ್ನು ನಿಮ್ಮ ಬೆರಳಿನಿಂದಲೇ ಅಲ್ಲಾಡಿಸಿ ನೋಡಬಹುದು. ನಿಮ್ಮ ಕಾರಿನ ಬಿಲ್ಲುಗಳನ್ನೂ ತಂದರೆ, ಅದರಲ್ಲಿ ಎಷ್ಟು ನಮ್ಮ ಕೈತಪ್ಪು, ಎಷ್ಟು ಬೀಗದ ಬಾಡಿಗೆ ಎಂಬುದನ್ನು ಇಬ್ಬರೂ ಕುಳಿತು ಲೆಕ್ಕ ಹಾಕೋಣ.

ಇಂತಿ ತಮ್ಮ ವಿಶ್ವಾಸಿ,
ಕಾರು ಗ್ಯಾರೇಜಿನ ಮಾಲೀಕ,
ಸಿರುಗುಪ್ಪ ರಸ್ತೆ, ಬಳ್ಳಾರಿ